ಬಲನಳಿಗೆಯಲ್ಲಿ ಕಚ್ಚಿಕೊಂಡ ತೋಟೆ

2024ರ ಚೌತಿ ಕಳೆದ ನಾಲ್ಕನೇ ದಿನ ಬೆಳಿಗ್ಗೆ ಮೇಲಿನ ತೋಟಕ್ಕೆ ಮಂಗನ ಹಿಂಡು ಇಳಿಯಿತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ನಮ್ಮ ಮನೆ. ಮನೆ ಹಿಂದೆ ದರೆ, ದರೆ ಮೇಲೆ ಕಾಡು. ಆ ಹೊತ್ತಿಗೆ ಅಡಿಕೆ ಇನ್ನೂ ಎಳೆಕಾಯಿ. ಮಂಗ ಒಂದೊಂದನ್ನೇ ಕಿತ್ತು, ಕಚ್ಚಿ, ರಸ ಚೀಪಿ ಬಿಸಾಕುತ್ತದೆ. ಕೊಳೆರೋಗಕ್ಕೆ ಎರಡು ಸಲ ಔಷಧಿ ಹೊಡೆದು ಉಳಿಸಿಕೊಂಡ ಅಡಿಕೆ ಗೊನೆ ಅರ್ಧ ಗಂಟೆಯಲ್ಲಿ ಬೋಳಾಗುತ್ತದೆ. ನಾನು ಕೋವಿ ತೆಗೆದುಕೊಂಡು ಹೋಗಿ ಯಾವತ್ತಿನಂತೆ ಆಕಾಶಕ್ಕೆ ಒಂದು ಈಡು ಹೊಡೆದೆ. ಹಿಂಡು ದರೆ ಹತ್ತಿತು. ಎರಡೇ ನಿಮಿಷಕ್ಕೆ ಪಕ್ಕದ ಸಾಲಿಗೆ ಮತ್ತೆ ಇಳಿಯಿತು. ಖಾಲಿ ತೋಟೆ (ಕಾರ್ಟ್ರಿಡ್ಜ್) ತೆಗೆದು ಬೇರೆ ಹಾಕೋಣ ಅಂತ ಕೋವಿ ಮುರಿದೆ, ಅಂದರೆ ನಡುವಿನ ಕೀಲಿನಲ್ಲಿ ಬಗ್ಗಿಸಿ ನಳಿಗೆಯ ಹಿಂಬಾಯಿ ತೆರೆದೆ. ಬಲನಳಿಗೆಯ ತೋಟೆ ಬರಲೇ ಇಲ್ಲ.

ನಮ್ಮದು ಅಜ್ಜಯ್ಯನ ಕಾಲದ ಜೋಡುನಳಿಗೆ ಕೋವಿ, ಹನ್ನೆರಡರ ಬೋರು (ನಳಿಗೆಯ ಒಳಗಲದ ಅಳತೆ), ಇಂಗ್ಲೆಂಡಿನದು. ಮುರಿದರೆ ಖಾಲಿ ತೋಟೆಯನ್ನು ದೂರ ಎಸೆಯುವ ಜಾತಿಯದಲ್ಲ. ಎರಡು ನಳಿಗೆಯ ನಡುವೆ ಇರುವ ಎಕ್ಸ್‌ಟ್ರ್ಯಾಕ್ಟರ್ ತುಂಡು ತೋಟೆಯ ಅಂಚನ್ನು ಹಿಡಿದು ಅಷ್ಟೇ ಅಷ್ಟು ಮೇಲೆತ್ತುತ್ತದೆ, ಉಳಿದದ್ದನ್ನು ಬೆರಳಲ್ಲಿ ಎಳೆದುಕೊಳ್ಳಬೇಕು. ಅಪ್ಪಯ್ಯ ಎಳೆಯುತ್ತಿದ್ದದ್ದು ಎರಡು ಬೆರಳಲ್ಲಿ, ನೋಡದೆಯೇ. ನನಗೆ ಅವತ್ತು ಉಗುರು ಮುರಿಯಿತೇ ಹೊರತು ತೋಟೆ ಅಲ್ಲಾಡಲಿಲ್ಲ. ಎಕ್ಸ್‌ಟ್ರ್ಯಾಕ್ಟರ್ ಅಂಚಿನ ಮೇಲಿಂದ ಜಾರಿ ಮೇಲೆ ಬಂದುಬಿಟ್ಟಿತ್ತು, ತೋಟೆ ಮಾತ್ರ ಗೂಡಿನಲ್ಲೇ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗದಲ್ಲೇ, ಕೂತಿತ್ತು. ಸೊಂಟದ ಕತ್ತಿಯ ತುದಿ ಹಾಕಿ ಎಬ್ಬಿಸಲು ಹೋದೆ. ಹಿತ್ತಾಳೆಯ ಅಂಚು ಒಂದು ಕಡೆ ಬಗ್ಗಿತು. ಅಲ್ಲಿಗೆ ಅದನ್ನು ಹಿಡಿಯಲು ಯಾವ ಆಧಾರವೂ ಉಳಿಯಲಿಲ್ಲ.

ಮನೆಗೆ ತಂದು ಕೋವಿ ಬಿಚ್ಚಿದೆ. ನಳಿಗೆಯ ಕೆಳಗಿನ ಮರ ಕಳಚಿದರೆ ನಳಿಗೆ, ಹಿಡಿ ಬೇರೆ ಬೇರೆಯಾಗುತ್ತವೆ. ಈಡು ಹಾರಿದ್ದು ನನ್ನ ಕಣ್ಣೆದುರೇ, ಆದ್ದರಿಂದ ಒಳಗಿರುವುದು ಖಾಲಿ ಅನ್ನುವುದರಲ್ಲಿ ಸಂಶಯ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಹಾರದೆ ಉಳಿದ ತೋಟೆ ಕಚ್ಚಿಕೊಂಡಿದ್ದರೆ ಮುಂದಿನಿಂದ ಕೋಲು ಹಾಕಿ ತಳ್ಳುವ ಕೆಲಸ ಯಾರೂ ಮಾಡಬಾರದು. ಒಣಗಿದ ಅಡಿಕೆ ದಬ್ಬೆ ಒಂದನ್ನು ಕೆತ್ತಿ, ಗಾಜಿನ ಚೂರಿನಲ್ಲಿ ಹೆರೆದು, ಹೆಬ್ಬೆರಳು ದಪ್ಪಕ್ಕೆ ದುಂಡಗೆ ಮಾಡಿಕೊಂಡೆ. ತುದಿಗೆ ಹಳೆಯ ಪಂಚೆಯ ಬಟ್ಟೆ ಸುತ್ತಿದೆ. ನಳಿಗೆಯ ಮುಂಬಾಯಿಯಿಂದ ಇಳಿಸಿ ಅಂಗೈಯಲ್ಲಿ ಕುಟ್ಟಿದೆ. ನಾಲ್ಕನೇ ಏಟಿಗೆ ಟಕ್ಕನೆ ಬಿಟ್ಟು ಜಗಲಿಯ ಮೇಲೆ ಉರುಳಿತು.

ಆ ತೋಟೆಯನ್ನು ಅವತ್ತೇ ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದ್ದರೆ ಮುಂದಿನ ಹೆಚ್ಚುಕಡಿಮೆ ಒಂದು ತಿಂಗಳು ಉಳಿಯುತ್ತಿತ್ತು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದೆ.

ಮೊದಲ ಅನುಮಾನ ಬಿದ್ದದ್ದು ಥಂಡಿಯ ಮೇಲೆ. ನಮ್ಮ ಸೀಮೆಯಲ್ಲಿ ಅದು ಸಹಜ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ನೀರಾಗುತ್ತದೆ, ಪುಸ್ತಕಕ್ಕೆ ಬೂಸ್ಟು ಬರುತ್ತದೆ. ಅಪ್ಪಯ್ಯನ ಕಾಲದಲ್ಲಿ ತೋಟೆಗಳಿಗೆ ಕಾಗದದ ಮೈ. ಮಳೆಗಾಲದಲ್ಲಿ ಅವು ಉಬ್ಬಿ ಗೂಡಿಗೆ ಇಳಿಯುತ್ತಲೇ ಇರಲಿಲ್ಲ. ಅದಕ್ಕೆ ಅವರು ಹುರಿದ ಅಕ್ಕಿ ಹಾಕಿದ ತಗಡಿನ ಡಬ್ಬಿಯಲ್ಲಿ ತೋಟೆ ಇಡುತ್ತಿದ್ದರು, ತಿಂಗಳಿಗೊಮ್ಮೆ ಅಕ್ಕಿ ಬದಲಿಸುತ್ತಿದ್ದರು. ಆದರೆ ನನ್ನದು ಪ್ಲಾಸ್ಟಿಕ್ ಮೈಯ ಹೊಸ ತೋಟೆ. ಪ್ಲಾಸ್ಟಿಕ್ ನೀರು ಕುಡಿದು ಉಬ್ಬುವುದಿಲ್ಲ. ಅಲ್ಲದೆ ಹಾಕುವಾಗ ಸಲೀಸಾಗಿ ಇಳಿದಿತ್ತು, ತೆಗೆಯುವಾಗ ಮಾತ್ರ ತೊಂದರೆ. ಎರಡಕ್ಕೂ ಕಾರಣ ಬೇರೆ ಬೇರೆ ಇರಬೇಕು ಅನ್ನುವಷ್ಟು ಆಗಲೇ ಹೊಳೆಯಿತು.

ಎರಡನೇ ಅನುಮಾನ ತುಕ್ಕು. ಆ ವರ್ಷ ಲೋಕಸಭೆ ಚುನಾವಣೆ, ಶಿವಮೊಗ್ಗದಲ್ಲಿ ಮೇ 7ಕ್ಕೆ ಮತದಾನ. ನೀತಿ ಸಂಹಿತೆ ಬಂದರೆ ಲೈಸೆನ್ಸಿನ ಕೋವಿಯನ್ನು ಠಾಣೆಗೆ ಒಪ್ಪಿಸುವುದು ನಮ್ಮಲ್ಲಿ ಪ್ರತಿ ಚುನಾವಣೆಯ ಕೆಲಸ. ಮಾರ್ಚ್ ಕೊನೆಗೆ ಕೊಟ್ಟ ಕೋವಿ ಫಲಿತಾಂಶ ಕಳೆದು ಜೂನ್ ಎರಡನೇ ವಾರ ಕೈಗೆ ಬಂತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಕೊಡುವಾಗ ಹೊರಮೈಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಕೊಟ್ಟಿದ್ದೆ. ಗೂಡಿನ ಒಳಗೆ ಎಣ್ಣೆ ಬಟ್ಟೆ ಆಡಿಸಿರಲಿಲ್ಲ. ಅದು ನನ್ನ ತಪ್ಪು.

ಬಿಳಿ ಕಾಗದವೊಂದನ್ನು ನಳಿಗೆಯ ಆ ತುದಿಗೆ ಹಿಡಿಸಿ, ಈ ಕಡೆಯಿಂದ ಟಾರ್ಚ್ ಬಿಟ್ಟು ನೋಡಿದೆ. ಎಡಗೂಡು ಮಸುಕಾಗಿತ್ತು, ಒಳಗೆ ಮಯಣದಂಥ ಪದರ. ಬಲಗೂಡಿನಲ್ಲಿ ಬಾಯಿಯಿಂದ ಒಂದು ಅಂಗುಲ ಒಳಗೆ ಸಾಸಿವೆ ಉದುರಿಸಿದಂತೆ ಕಪ್ಪು ಚುಕ್ಕೆಗಳು. ಬೆರಳಿಗೆ ಸಿಗದಷ್ಟು ಸಣ್ಣ, ಕಡ್ಡಿಗೆ ಹತ್ತಿ ಸುತ್ತಿ ಆಡಿಸಿದರೆ ಹತ್ತಿ ಎಳೆ ಸಿಕ್ಕಿಕೊಳ್ಳುವಷ್ಟು ಆಳ.

ಈಡು ಹಾರಿದಾಗ ತೋಟೆಯ ಮೈ ಒಳಗಿನ ಒತ್ತಡಕ್ಕೆ ಹಿಗ್ಗಿ ಗೂಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅದರಿಂದಲೇ ಬೆಂಕಿ, ಹೊಗೆ ಹಿಂದಕ್ಕೆ ನುಗ್ಗದೆ ಮುಂದಕ್ಕೆ ಹೋಗುವುದು. ಒತ್ತಡ ಇಳಿದ ಕ್ಷಣ ಮೈ ಒಂದಿಷ್ಟು ಕುಗ್ಗುತ್ತದೆ, ಆಗ ತೋಟೆ ಸಡಿಲ. ಗೋಡೆ ನುಣುಪಾಗಿದ್ದರೆ ಹೀಗೆ. ಗೋಡೆಯಲ್ಲಿ ಗುಳಿ ಇದ್ದರೆ ಹಿಗ್ಗಿದ ಪ್ಲಾಸ್ಟಿಕ್ ಗುಳಿಯೊಳಗೆ ತುಂಬಿಕೊಂಡು ಹಲ್ಲು ಕಚ್ಚಿದ ಹಾಗೆ ಹಿಡಿಯುತ್ತದೆ. ಕಸದ ಬುಟ್ಟಿಯಿಂದ ತೋಟೆಯನ್ನು ಹೆಕ್ಕಿ ತಂದು ಬಿಸಿಲಿಗೆ ಹಿಡಿದೆ. ಕೆಂಪು ಪ್ಲಾಸ್ಟಿಕ್ ಮೇಲೆ, ಹಿತ್ತಾಳೆಯ ಬುಡದಿಂದ ಸ್ವಲ್ಪ ಮೇಲೆ, ಬೆವರುಸಾಲೆಯಂತೆ ಸಣ್ಣ ಗುಳ್ಳೆಗಳು ಎದ್ದಿದ್ದವು. ಗೂಡಿನ ಚುಕ್ಕೆಗಳು ಇದ್ದ ಜಾಗಕ್ಕೇ ಸರಿಯಾಗಿ ಹೊಂದುತ್ತಿದ್ದವು.

ಕಾರಣ ಸಿಕ್ಕಿತು ಅಂದುಕೊಂಡೆ. ಹಿತ್ತಾಳೆ ಬಣ್ಣದ ಬ್ರಷ್ ಒಂದು ಅಪ್ಪಯ್ಯನ ಪೆಟ್ಟಿಗೆಯಲ್ಲಿ ಇತ್ತು. ಗೂಡು ನಳಿಗೆಗಿಂತ ಅಗಲ, ಆದ್ದರಿಂದ ನಳಿಗೆಯ ಬ್ರಷ್ ಅಲ್ಲಿ ಸುಮ್ಮನೆ ತಿರುಗುತ್ತದೆ. ಅದಕ್ಕೆ ತೆಳು ಬಟ್ಟೆ ಸುತ್ತಿ ಬಿಗಿ ಮಾಡಿಕೊಂಡು, ಸೀಮೆಎಣ್ಣೆ ಹಾಕಿ, ಮೂರು ಸಂಜೆ ತಿರುಗಿಸಿದೆ. ಬಟ್ಟೆಗೆ ಮೊದಲು ಕಪ್ಪು ಬಂತು, ಆಮೇಲೆ ಕೆಂಗಂದು, ಕೊನೆಗೆ ಪ್ಲಾಸ್ಟಿಕ್ಕಿನ ಸಿಪ್ಪೆಯಂಥ ಪುಡಿ. ಅಪ್ಪಯ್ಯ ಈಡು ಹೊಡೆದ ದಿನ ಸಂಜೆ ನಳಿಗೆಗೆ ಕುದಿಯುವ ನೀರು ಹಾಯಿಸುತ್ತಿದ್ದರು. ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಹಳೆಯ ಕೇಪುಗಳು ಸಿಡಿದಾಗ ಉಪ್ಪಿನಂಶ ಉಳಿಯುತ್ತಿತ್ತು, ಆ ಉಪ್ಪು ಗಾಳಿಯ ತೇವ ಎಳೆದು ತುಕ್ಕು ಹಿಡಿಸುತ್ತಿತ್ತು. ಎಣ್ಣೆಗೆ ಉಪ್ಪು ಹೋಗುವುದಿಲ್ಲ, ನೀರಿಗೆ ಹೋಗುತ್ತದೆ. ಅವರು ಹೋದ ಮೇಲೆ ಈ ಪಾಠವನ್ನು ನಾನು ಕೈಬಿಟ್ಟಿದ್ದೆ. ಮತ್ತೆ ಶುರು ಮಾಡಿದೆ.

ಇಲ್ಲೊಂದು ಮಾತು. ಶುಚಿ ಮಾಡಿದ ಮೇಲೆ ಗೂಡಿಗೆ ಎಣ್ಣೆ ಸವರಿ ಇಡಬೇಕು, ಆದರೆ ಈಡಿಗೆ ಮುಂಚೆ ಅದನ್ನು ಪೂರ್ತಿ ಒರೆಸಬೇಕು. ತೋಟೆ ಸಲೀಸಾಗಿ ಬರಲಿ ಅಂತ ಎಣ್ಣೆ ಹಚ್ಚಿಯೇ ಹೊಡೆಯುವವರನ್ನು ನೋಡಿದ್ದೇನೆ. ತೋಟೆ ಗೋಡೆಯನ್ನು ಹಿಡಿಯದಿದ್ದರೆ ಅಷ್ಟೂ ಒದೆ ಹಿಂದಿನ ಉಕ್ಕಿನ ಮುಖದ ಮೇಲೆ, ಬೀಗದ ಮೇಲೆ ಬೀಳುತ್ತದೆ. ನೂರು ವರ್ಷದ ಕೋವಿಗೆ ಅದು ಮಾಡುವ ಉಪಕಾರವಲ್ಲ.

ಅಕ್ಟೋಬರ್ ಮೊದಲ ವಾರ ಪರೀಕ್ಷೆ ಮಾಡಿದೆ. ಈ ಸಲ ಲೆಕ್ಕ ಇಟ್ಟೆ. ತೋಟೆಯ ಮೈಗೆ ಮಾರ್ಕರಿನಲ್ಲಿ ಎ1, ಎ2, ಬ1, ಬ2 ಅಂತ ಬರೆದು ಎಡಕ್ಕೆ ಎರಡು, ಬಲಕ್ಕೆ ಎರಡು. ಬಲದ್ದು ಮೊದಲಿನಷ್ಟು ಕಚ್ಚಲಿಲ್ಲ, ದಬ್ಬೆ ಬೇಕಾಗಲಿಲ್ಲ. ಆದರೂ ಇಕ್ಕಳ ಬೇಕಾಯಿತು. ನನ್ನನ್ನು ಕಾಡಿದ್ದು ಎಡದ್ದು. ಎಡಗೂಡಿನಲ್ಲಿ ಒಂದು ಚುಕ್ಕೆಯೂ ಇಲ್ಲ, ಕನ್ನಡಿಯಂತಿದೆ. ಅದರಲ್ಲೂ ಬಿಗಿ. ತುಕ್ಕೇ ಕಾರಣವಾದರೆ ಎಡದ್ದು ಯಾಕೆ ಬಿಗಿಯಬೇಕು?

ಅಪ್ಪಯ್ಯನ ಡಬ್ಬಿಯ ತಳದಲ್ಲಿ ಕಾಗದದ ತೋಟೆ ಒಂದೇ ಒಂದು ಉಳಿದಿತ್ತು. ಅದನ್ನು ಎಡಗೂಡಿಗೆ ಹಾಕಿದೆ, ಇಳಿಯಿತು. ಇಷ್ಟು ಹಳೆಯದು ಹಾರುತ್ತದೋ ಇಲ್ಲವೋ ಅನ್ನುವ ಭಯ ಇತ್ತು. ಹಾರಿತು, ಸದ್ದು ಸ್ವಲ್ಪ ಮಂದ. ಹಳೆಯ ಮದ್ದು ಅರೆಬರೆ ಉರಿದರೆ ಮದ್ದಿಗೂ ಚರೆಗೂ (ಸೀಸದ ಕಾಳಿಗೂ) ನಡುವೆ ಇರುವ ಬತ್ತಿ ನಳಿಗೆಯಲ್ಲೇ ಉಳಿಯಬಹುದು, ಅದರ ಹಿಂದೆ ಇನ್ನೊಂದು ಈಡು ಹೊಡೆದರೆ ನಳಿಗೆ ಸಿಡಿಯುತ್ತದೆ. ಹಾಗಾಗಿ ಬಿಚ್ಚಿ, ನಳಿಗೆಯ ಆಚೆ ಬೆಳಕು ಕಾಣುತ್ತದಾ ನೋಡಿಕೊಂಡೆ. ಈಗನಿಸುತ್ತದೆ, ಆ ತೋಟೆಯನ್ನು ಹೊಡೆಯಲೇಬಾರದಿತ್ತು. ಆದರೆ ಉತ್ತರ ಕೊಟ್ಟದ್ದು ಅದೇ. ಕೋವಿ ಮುರಿಯುತ್ತಿದ್ದಂತೆ ಎಕ್ಸ್‌ಟ್ರ್ಯಾಕ್ಟರ್ ಅದನ್ನು ಎತ್ತಿತು, ಎರಡು ಬೆರಳಿಗೆ ಹಗುರಾಗಿ ಬಂತು.

ಜಗಲಿಕಟ್ಟೆಯ ಮೇಲೆ ಖಾಲಿ ಕಾಗದದ ತೋಟೆ, ಖಾಲಿ ಪ್ಲಾಸ್ಟಿಕ್ ತೋಟೆ ಒಂದರ ಪಕ್ಕ ಒಂದು ನಿಲ್ಲಿಸಿದೆ. ಪ್ಲಾಸ್ಟಿಕ್ಕಿನದು ಎದ್ದು ಕಾಣುವಷ್ಟು ಉದ್ದ. ಮಗಳ ಸ್ಕೇಲ್ ತಂದು ಅಳೆದೆ. ಕಾಗದದ್ದು 65 ಮಿಲಿಮೀಟರ್, ಪ್ಲಾಸ್ಟಿಕ್ಕಿನದು 70ಕ್ಕೆ ಕೂದಲೆಳೆ ಕಡಿಮೆ. ಅಷ್ಟೇ ಅಲ್ಲ, ಪ್ಲಾಸ್ಟಿಕ್ ತೋಟೆಯ ಬಾಯಿ ಸುತ್ತ ನಾರು ನಾರಾಗಿ ಕಿತ್ತಿತ್ತು, ಹಳೆಯ ಹಲ್ಲುಜ್ಜುವ ಬ್ರಷ್‌ನ ಹಾಗೆ. ಎ1, ಎ2, ಬ1, ಬ2 ನಾಲ್ಕಕ್ಕೂ ಹಾಗೇ. ಕಾಗದದ್ದರ ಬಾಯಿ ಕತ್ತರಿಸಿದಷ್ಟು ನೇರ.

ನನ್ನನ್ನು ಇಷ್ಟು ದಿನ ದಾರಿ ತಪ್ಪಿಸಿದ್ದು ಹೊಡೆಯದ ತೋಟೆಯ ಅಳತೆ. ಹೊಡೆಯದ ಪ್ಲಾಸ್ಟಿಕ್ ತೋಟೆ ಸುಮಾರು 58 ಮಿಲಿಮೀಟರ್. ಅದರ ಬಾಯಿಯನ್ನು ಕೊಟ್ಟೆಯ ಬಾಯಿ ಮಡಚಿದ ಹಾಗೆ ಆರು ಮಡಿಕೆಯಲ್ಲಿ ಒಳಕ್ಕೆ ಮುಚ್ಚಿರುತ್ತಾರೆ, ಮಡಿಕೆಗೆ ಬಹಳ ಉದ್ದ ಹೋಗುತ್ತದೆ. ಹಳೆಯ ಕಾಗದದ್ದರ ಬಾಯಿಗೆ ಒಂದು ರಟ್ಟಿನ ಬಿಲ್ಲೆ ಇಟ್ಟು ಅಂಚನ್ನು ಸ್ವಲ್ಪ ಒಳಸುತ್ತುತ್ತಿದ್ದರು, ಅದಕ್ಕೆ ಕಡಿಮೆ ಸಾಕು. ಹಾಗಾಗಿ ಹೊಡೆಯುವ ಮುಂಚೆ ಎರಡೂ ಒಂದೇ ಎತ್ತರ, ಎರಡೂ ಗೂಡಿಗೆ ಸಲೀಸಾಗಿ ಇಳಿಯುತ್ತವೆ. ಹೊಡೆದ ಮೇಲೆ ಮಡಿಕೆ ಬಿಚ್ಚಿಕೊಂಡಾಗ ನಿಜವಾದ ಉದ್ದ ಗೊತ್ತಾಗುವುದು. ತೋಟೆಯ ಉದ್ದ ಅಂತ ಪೆಟ್ಟಿಗೆ ಮೇಲೆ ಬರೆಯುವುದು ಈ ಬಿಚ್ಚಿದ ಉದ್ದ. ಪೆಟ್ಟಿಗೆ ತಂದು ನೋಡಿದೆ, 12/70 ಅಂತ ದಪ್ಪಕ್ಷರದಲ್ಲೇ ಇತ್ತು. ಎರಡು ವರ್ಷದಿಂದ ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದಿದ್ದೇನೆ, ಆ ಅಂಕೆಯನ್ನು ಓದಿರಲಿಲ್ಲ.

ಅದೇ ವಾರ ಭಾವನ ಜೀಪಿನಲ್ಲಿ, ಕೋವಿ ಬಿಚ್ಚಿ ಚೀಲಕ್ಕೆ ಹಾಕಿ, ಲೈಸೆನ್ಸ್ ಪುಸ್ತಕ ಇಟ್ಟುಕೊಂಡು ಶಿವಮೊಗ್ಗಕ್ಕೆ ಹೋದೆ. ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರು ಅಲ್ಲಿದ್ದಾರೆ, ಎಲ್ಲರೂ ಆಚಾರ್ರು ಅಂತಲೇ ಕರೆಯುವುದು. ಖಾಲಿ ತೋಟೆಗಳನ್ನೂ ಒಯ್ದಿದ್ದೆ. ಅವರು ಕೋವಿ ಮುಟ್ಟುವ ಮೊದಲು ತೋಟೆ ಕೇಳಿದರು. ನಾರಾದ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದು ಎಷ್ಟು ಹೊಡೆದ್ರಿ?"

"ಇಪ್ಪತ್ತೈದರ ಎರಡು ಪೆಟ್ಟಿಗೆ ತಂದಿದ್ದೆ ಆಚಾರ್ರೇ. ಒಂದು ಪೂರ್ತಿ ಆಗಿದೆ. ಎರಡನೇದ್ರಲ್ಲಿ ಹದಿನೇಳು ಉಳಿದಾವೆ."

ಅವರು ಮಾತಾಡಲಿಲ್ಲ. ನಳಿಗೆ ಮಗುಚಿ, ಹಿಡಿಗೆ ಕೂರುವ ಚಪ್ಪಟೆ ಜಾಗವನ್ನು ಬೆಳಕಿಗೆ ಹಿಡಿದು, ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. "ಓದಿ." ಕಿರೀಟದ ಗುರುತುಗಳು, 12ರ ಕೆಳಗೆ ಒಂದು ಇಂಗ್ಲಿಷ್ ಸಿ, ಅದರ ಪಕ್ಕ ಸಣ್ಣದಾಗಿ ಎರಡೂವರೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಇದೆ, ಅಲ್ಲಿ ಪ್ರತಿ ನಳಿಗೆಯನ್ನೂ ಹೆಚ್ಚು ಒತ್ತಡದ ಈಡು ಹೊಡೆದು ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಎರಡೂವರೆ ಅಂದರೆ ಗೂಡಿನ ಉದ್ದ, ಎರಡೂವರೆ ಇಂಚು. ಲೆಕ್ಕ ಹಾಕಿದರೆ 63.5 ಮಿಲಿಮೀಟರ್, ರೂಢಿಯಲ್ಲಿ 65 ಅನ್ನುವುದು ಅದನ್ನೇ. ಅಜ್ಜಯ್ಯ, ಅಪ್ಪಯ್ಯ, ನಾನು, ಮೂರು ತಲೆಮಾರು ಎಣ್ಣೆ ಒರೆಸಿದ ಜಾಗದಲ್ಲೇ ಉತ್ತರ ಕೂತಿತ್ತು.

ಆಚಾರ್ರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ನೋಡಿ, ಗೂಡು ಮುಗಿದಲ್ಲಿಂದ ನಳಿಗೆ ಸಪೂರ ಆಗ್ತಾ ಹೋಗ್ತದೆ. ಅದು ಕೊರಳು. ಗೂಡು 65, ನಿಮ್ಮ ತೋಟೆ 70. ಮಡಿಕೆ ಬಿಚ್ಚಿಕೊಂಡು ಉಳಿದ ಐದು ಎಲ್ಲಿಗೆ ಹೋಗ್ಬೇಕು? ಕೊರಳಿಗೇ ಹೋಗ್ತದೆ. ಚರೆ, ಬತ್ತಿ ಹೊರಗೆ ಬರೋ ಹೊತ್ತಿಗೆ ಸರಿಯಾಗಿ ಬಾಗಿಲು ಸಣ್ಣ ಆಯ್ತು. ಬಾಯಿಗೆ ಬಟ್ಟೆ ತುರುಕಿ ಕೂಗು ಅಂದ ಹಾಗೆ. ಒತ್ತಡ ಹಿಂದಕ್ಕೆ ಬೀಳ್ತದೆ, ಬುಡದ ಹಿತ್ತಾಳೆ ಅಗತ್ಯಕ್ಕಿಂತ ಹೆಚ್ಚು ಹಿಗ್ತದೆ, ವಾಪಸ್ ಕುಗ್ಗೋದಿಲ್ಲ. ಅದಕ್ಕೇ ಕಚ್ಚೋದು. ನಿಮ್ಮ ತುಕ್ಕಿನದು ಇದರ ಮೇಲಿನದು."

ಬಲಗೂಡಿಗೆ ತುಕ್ಕೂ ಇತ್ತು, ಉದ್ದವೂ ಇತ್ತು, ಅದಕ್ಕೇ ದಬ್ಬೆ ಬೇಕಾಗುವಷ್ಟು ಕಚ್ಚಿತು. ಎಡಕ್ಕೆ ಉದ್ದ ಒಂದೇ, ಅದಕ್ಕೆ ಬರೀ ಬಿಗಿ. ನಾನು ತುಕ್ಕು ತೆಗೆದು ಅರ್ಧ ಸರಿ ಮಾಡಿದ್ದರಿಂದಲೇ ಉಳಿದರ್ಧ ಕಾಣಿಸಿತು. ಇಲ್ಲದಿದ್ದರೆ ಪ್ರತಿ ಸಲ ಇಕ್ಕಳ ಹಾಕಿ ಎಳೆದುಕೊಂಡು ಎರಡನೇ ಪೆಟ್ಟಿಗೆಯನ್ನೂ ಮುಗಿಸುತ್ತಿದ್ದೆ. ಮುಖದ ಪಕ್ಕ ಹಿಡಿದು ಹೊಡೆಯುವ ಸಾಮಾನು ಅದು. ಆಚಾರ್ರ ಅಂಗಡಿಯ ಸ್ಟೂಲಿನ ಮೇಲೆ ಕೂತು ಇದನ್ನು ಯೋಚಿಸಿದಾಗ ಅಂಗೈ ಬೆವರಿತು.

ಅವರು ಕೋವಿ ಜೋಡಿಸಿ, ನಳಿಗೆಗೂ ಹಿಂದಿನ ಉಕ್ಕಿನ ಮುಖಕ್ಕೂ ನಡುವೆ ತೆಳು ಕಾಗದ ಇಟ್ಟು ಮುಚ್ಚಿ ಎಳೆದು ನೋಡಿದರು. ಕಾಗದ ಬರಲಿಲ್ಲ. ಸಂದು ಬಿಟ್ಟಿದ್ದರೆ ಕೋವಿ ಮೂಲೆಗೆ ಇಡಿ ಅನ್ನುತ್ತಿದ್ದೆ ಅಂದರು. ನಳಿಗೆಯ ಹೊರಮೈ, ಗೂಡಿನ ಮೇಲೆ ಎಲ್ಲೂ ಉಬ್ಬು ಇಲ್ಲ ಅಂತ ಬೆರಳಲ್ಲೂ ಅಳತೆಯಲ್ಲೂ ನೋಡಿದರು. ನಾನು ಆಸೆಯಿಂದ, ಗೂಡನ್ನೇ ಐದು ಮಿಲಿಮೀಟರ್ ಉದ್ದ ಕೊರೆಸಿಬಿಟ್ಟರೆ ಹೇಗೆ ಅಂತ ಕೇಳಿದೆ. ಅವರಿಗೆ ಅದು ಇಷ್ಟವಾಗಲಿಲ್ಲ. ಗೂಡಿನ ಮುಂದೆಯೇ ಗೋಡೆ ತೆಳ್ಳಗಾಗುತ್ತಾ ಹೋಗುವುದು, ಅಲ್ಲಿಂದ ಲೋಹ ತೆಗೆದರೆ ಮೊದಲಿನ ಪರೀಕ್ಷೆಯ ಮುದ್ರೆಗೆ ಅರ್ಥವೇ ಉಳಿಯುವುದಿಲ್ಲ. "ಕೋವಿಗೆ ತಕ್ಕ ತೋಟೆ ಹುಡುಕಿ. ತೋಟೆಗೆ ತಕ್ಕ ಕೋವಿ ಮಾಡೋಕೆ ಹೋಗ್ಬೇಡಿ." ಬಲಗೂಡಿನ ಗುಳಿಗಳ ಅಂಚನ್ನು ಮಾತ್ರ ನಯವಾಗಿ ತಿಕ್ಕಿ ಕೊಟ್ಟರು. ಗುಳಿ ಪೂರ್ತಿ ಹೋಗಲಿಲ್ಲ, ಹೋಗುವ ತನಕ ತಿಕ್ಕಿದರೆ ಗೂಡೇ ದೊಡ್ಡದಾಗುತ್ತದೆ. ಕತ್ತಿಯಲ್ಲಿ ನಾನು ಗೀರಿದ್ದ ಎಕ್ಸ್‌ಟ್ರ್ಯಾಕ್ಟರಿನ ತುಟಿಯನ್ನೂ ಸರಿ ಮಾಡಿದರು.

ಉಳಿದ ಹದಿನೇಳು ತೋಟೆಯನ್ನು ತಂದ ಅಂಗಡಿಗೇ ಒಪ್ಪಿಸಿ ಲೈಸೆನ್ಸ್ ಪುಸ್ತಕದಲ್ಲಿ ಬರೆಸಿಕೊಂಡೆ. 65ರದ್ದು ಅವತ್ತು ಅವರಲ್ಲಿ ಇರಲಿಲ್ಲ, ಹೇಳಿಟ್ಟು ಬಂದೆ. ಅದು ಬರುವ ಹೊತ್ತಿಗೆ ದೀಪಾವಳಿ ಕಳೆದು ಕೊಯ್ಲು ಶುರುವಾಗಿತ್ತು. ಅಷ್ಟು ದಿನ ಮಂಗ ಓಡಿಸಿದ್ದು ತಗಡು ಬಡಿದು, ಕವಣೆ ಬೀಸಿ. ಒಂದು ಸಾಲು ಹೋಯಿತು. ಹೋಗಲಿ.

ಹೊಸ ಪೆಟ್ಟಿಗೆ ಕೈಗೆ ಬಂದಾಗ ಮೊದಲು ಅಂಕೆ ಓದಿದೆ. ಮೊದಲ ಈಡು ಬಲನಳಿಗೆಯಲ್ಲಿ. ಮುರಿದೆ, ತೋಟೆ ಎದ್ದು ನಿಂತಿತು, ಎರಡು ಬೆರಳಲ್ಲಿ ಬಂತು. ಬಾಯಿ ನೇರವಾಗಿತ್ತು. ಬುಡದ ಮೇಲೆ ಗುಳ್ಳೆಯ ಗುರುತು ಮೂರೋ ನಾಲ್ಕೋ.

ಕೆಳಮನೆ ದೊಡ್ಡಪ್ಪನಿಗೂ ಇದನ್ನು ಹೇಳಿದೆ. ಅವರ ಕೋವಿಯಲ್ಲೂ ತೋಟೆ ಕಚ್ಚುತ್ತದೆ ಅನ್ನುತ್ತಿದ್ದರು. "ನಂದೂ ಒಂದು ನೋಡಿಕೊಡಾ ಮಾರಾಯ" ಅಂದರು. ಸಂಜೆ ಅವರ ಮನೆ ಜಗಲಿಯಲ್ಲಿ ಕೆಳಗಿನ ಮರ ಕಳಚಿ, ನಳಿಗೆ ಮಗುಚಿ, ಟಾರ್ಚ್ ಬಿಟ್ಟು ಓದಿದೆವು. ಅವರದ್ದು ಈಚಿನ ಒಂಟಿನಳಿಗೆ, 70 ಅಂತ ಸ್ಪಷ್ಟವಾಗಿತ್ತು. ಖಾಲಿ ತೋಟೆಯ ಬಾಯಿಯೂ ನೇರ. ಗೂಡಿನೊಳಗೆ ನೋಡಿದರೆ ನಾಲ್ಕು ಮಳೆಗಾಲದ ಕೆಸರು ಬಣ್ಣ. ಅವರಿಗೆ ಬೇಕಾದದ್ದು ಬ್ರಷ್ಷು, ಸೀಮೆಎಣ್ಣೆ ಅಷ್ಟೇ. ದೊಡ್ಡಮ್ಮ ಒಲೆ ಮೇಲೆ ನೀರಿಟ್ಟರು.